ಅಜ್ಜಿಗೆ ಗೊತ್ತಾಯಿತು!

ಈ ಸಲ ದಸರೆಗೆ ಊರಿಗೆ ಹೋಗಿದ್ದೆ. ಊರು ಅಂದರೆ ದೇಶನೂರು, ಸಿರುಗುಪ್ಪದ ಪಕ್ಕ. ನಮ್ಮ ಕಡೆ ನವರಾತ್ರಿ ಅಂದರೆ ದೇವಿ ಪುರಾಣ. ಚಿದಾನಂದಾವಧೂತರು ಬರೆದದ್ದು, ಭಾಮಿನಿ ಷಟ್ಪದಿಯಲ್ಲಿ, 18 ಅಧ್ಯಾಯ. (ಅವರ ಅಂಬಾಮಠ ಇರುವುದು ಹೊಳೆಯಾಚೆ, ಸಿಂಧನೂರು ತಾಲ್ಲೂಕಿನಲ್ಲಿ.) ನಮ್ಮ ಮನೆಯಲ್ಲಿ ದಿನಕ್ಕೆ ಎರಡು ಅಧ್ಯಾಯದಂತೆ ಒಂಬತ್ತು ದಿನ ಓದುತ್ತಾರೆ. ಓದುವುದು ಯಾವಾಗಲೂ ಅಪ್ಪ. ಈ ಸಲ ಅವರ ಗಂಟಲು ಕಟ್ಟಿತ್ತು, ಪುಸ್ತಕ ನನ್ನ ಕೈಗೆ ಬಂತು.

ಓದೋದೇನು ಮಹಾ... ದಿನವಿಡೀ ಕಂಪ್ಯೂಟರಿನ ಮುಂದೆ ಓದುವುದೇ ನನ್ನ ಕಸುಬು! ಅಂದುಕೊಂಡೇ ಕೂತೆ. ಹತ್ತು ಪದ್ಯ ಆಗುವಷ್ಟರಲ್ಲಿ ಕಣ್ಣು ಪುಟದ ಕೆಳಗೆ ಓಡತೊಡಗಿತು, ಇನ್ನೆಷ್ಟಿದೆ ಅಂತ. ಬಾಯಿ ಓದುತ್ತಿದೆ, ತಲೆ ಮಾತ್ರ ಜೇಬಿನಲ್ಲಿದ್ದ ಮೊಬೈಲಿನಲ್ಲಿದೆ. ಒಮ್ಮೆ ಅದು ಗುಂಯ್ ಅಂದ ಹಾಗಾಗಿ ಮುಟ್ಟಿಯೂ ನೋಡಿದೆ. ಅಂದಿರಲಿಲ್ಲ.

"ಲೇ ತಮ್ಮಾ, ನಡುವ ಒಂದು ಪದ್ಯ ಬಿಟ್ಟಿ ನೋಡು" ಅಂದಳು ಮೂಲೆಯಲ್ಲಿದ್ದ ಅಜ್ಜಿ. ಪುಟ ತಿರುವಿ ನೋಡಿದೆ. ಬಿಟ್ಟಿದ್ದೆ. ಅಜ್ಜಿಗೆ ಓದಲು ಬರುವುದಿಲ್ಲ.

ಇಂಟರ್ನೆಟ್ಟಿನಿಂದ ಓದು ಹಾಳಾಯಿತು ಅನ್ನುವವರ ಜೊತೆ ನಾನು ಜಗಳವಾಡುತ್ತಿದ್ದೆ. ಈಗಲೂ ಪೂರ್ತಿ ಒಪ್ಪೋಲ್ಲ. ಚಿಕ್ಕವನಿದ್ದಾಗ ಒಂದು ಪುಸ್ತಕ ಬೇಕೆಂದರೆ ಬಳ್ಳಾರಿ ಬಸ್ಸು ಹತ್ತಬೇಕಿತ್ತು. ಈಗ ಮರುಮುದ್ರಣವೇ ಕಾಣದ ಕನ್ನಡ ಪುಸ್ತಕಗಳು ಆರ್ಕೈವ್ ಡಾಟ್ ಆರ್ಗ್‌ನಲ್ಲಿ ಕೂತಲ್ಲೇ ಸಿಗುತ್ತವೆ. ನನ್ನ ಹತ್ತಿರ ಅಂಥವು ಇನ್ನೂರರ ಮೇಲಿವೆ. ಕೊನೆಯ ಪುಟದವರೆಗೆ ಓದಿದ್ದು... ಮೂರು. ಇಳಿಸಿಕೊಂಡಾಗಲೇ ಓದಿದಷ್ಟು ತೃಪ್ತಿ ಆಗಿಬಿಡುತ್ತದೆ, ಏನು ಮಾಡೋಣ!

ನಾವು ಓದುವುದು ಕಡಿಮೆಯಾಗಿಲ್ಲ. ಕಡಿಮೆಯಾಗಿರುವುದು ಬೇಸರ ತಡೆದುಕೊಳ್ಳುವ ಶಕ್ತಿ. ಎಂಥ ದೊಡ್ಡ ಕಾದಂಬರಿಯಲ್ಲೂ ಸಪ್ಪೆ ಪುಟಗಳಿರುತ್ತವೆ, ಅವನ್ನು ದಾಟಿದರೇ ಮುಂದಿನದು ಹಿಡಿಯುವುದು. ಈಗ ಬೇಸರ ಬಂದ ಮೊದಲ ಕ್ಷಣಕ್ಕೇ ಓಡಿಹೋಗಲು ಬಾಗಿಲು ತೆರೆದಿರುತ್ತದೆ. ಅಮೆರಿಕದ ಗ್ಲೋರಿಯಾ ಮಾರ್ಕ್ ಅನ್ನುವವರು ವರ್ಷಗಟ್ಟಲೆ ಇದನ್ನೇ ಅಳೆದಿದ್ದಾರೆ. 2004ರಲ್ಲಿ ಜನ ಒಂದು ಪರದೆಯ ಮೇಲೆ ಸರಾಸರಿ ಎರಡೂವರೆ ನಿಮಿಷ ನಿಲ್ಲುತ್ತಿದ್ದರು, ಇತ್ತೀಚಿನ ವರ್ಷಗಳಲ್ಲಿ ಅದು 47 ಸೆಕೆಂಡಿಗೆ ಇಳಿದಿದೆ. ಒಂದು ಷಟ್ಪದಿಯನ್ನು ರಾಗವಾಗಿ ಓದಲು ಹೆಚ್ಚುಕಡಿಮೆ ಅಷ್ಟೇ ಹೊತ್ತು ಬೇಕು!

ಓದುವ ಮಿದುಳಿನ ಬಗ್ಗೆಯೇ ಸಂಶೋಧನೆ ಮಾಡಿದ ಮೇರಿಯಾನ್ ವುಲ್ಫ್ ಕೂಡ, ತಾನು ಹಿಂದೆ ಮೆಚ್ಚಿದ್ದ ಹೆಸ್ಸೆಯ ಕಾದಂಬರಿಯನ್ನು ಮತ್ತೆ ಓದಲು ಹೋಗಿ ಸೋತದ್ದನ್ನು 2018ರ ಪುಸ್ತಕದಲ್ಲಿ ಬರೆದುಕೊಂಡಿದ್ದಾರೆ. ದಿನಕ್ಕೆ ಇಪ್ಪತ್ತು ನಿಮಿಷದಂತೆ ಓದಿ ಹಳೆಯ ರೂಢಿಗೆ ಮರಳಿದರಂತೆ.

"ಮನಸ್ಸು ಗಟ್ಟಿ ಮಾಡ್ಕೋಬೇಕು" ಅನ್ನುತ್ತಾರೆ ಗೆಳೆಯರು. ನನಗೆ ಹಾಗನಿಸುವುದಿಲ್ಲ. ಅಪ್ಪನ ಮನಸ್ಸೇನು ನನಗಿಂತ ಗಟ್ಟಿಯಲ್ಲ, ಅವರೂ ಬೆಳಗಾದರೆ ರೀಲ್ಸ್ ನೋಡುವವರೇ. ಆದರೆ ಪುರಾಣಕ್ಕೆ ಕೂತರೆ ಕೂತರು. ಅದಕ್ಕೊಂದು ಹೊತ್ತಿದೆ, ಜಾಗವಿದೆ, ಎದುರಿಗೆ ಹತ್ತು ಜನ, ತಪ್ಪಿದರೆ ಹಿಡಿಯಲು ಅಜ್ಜಿ. ಆ ಗಮನ ಅವರೊಬ್ಬರದಲ್ಲ, ಇಡೀ ಪಡಸಾಲೆಯದು. ನಾವು ಒಬ್ಬೊಬ್ಬರೇ ಕೋಣೆಯಲ್ಲಿ ಮೊಬೈಲ್ ಪಕ್ಕಕ್ಕಿಟ್ಟುಕೊಂಡು ಓದಲು ಹೋಗುತ್ತೇವೆ, ಸೋತರೆ ನಮ್ಮನ್ನೇ ಬೈದುಕೊಳ್ಳುತ್ತೇವೆ.

ಎರಡನೇ ದಿನ ಅವ್ವ ನನ್ನ ಮೊಬೈಲ್ ಇಸಿದುಕೊಂಡು ಅಡುಗೆಮನೆಯ ಡಬ್ಬಿಗಳ ಹಿಂದೆ ಇಟ್ಟಳು. ಆರನೇ ದಿನ ಪುಟ ಎಣಿಸಲಿಲ್ಲ.

ಈಗ ಬೆಂಗಳೂರಿಗೆ ವಾಪಸ್ಸು. ಇಲ್ಲಿ ಪಡಸಾಲೆ ಎಲ್ಲಿಂದ ತರೋದು? ಕುಂ. ವೀರಭದ್ರಪ್ಪನವರ 'ಅರಮನೆ' ಹಿಡಿದಿದ್ದೇನೆ. 2007ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಬಹುಮಾನ ಬಂದಾಗಲೇ ಕೊಂಡದ್ದು, ಮೂರು ಸಲ ಅರ್ಧಕ್ಕೆ ಬಿಟ್ಟದ್ದು. ರಾತ್ರಿ ಅಜ್ಜಿಗೆ ಫೋನ್ ಹಚ್ಚಿ ದಿನಕ್ಕೆ ಎರಡು ಪುಟ ಓದುತ್ತೇನೆ. ನಮ್ಮ ಕಡೆಯ ಮಾತು, ಅವಳಿಗೆ ನನಗಿಂತ ಚೆನ್ನಾಗಿ ತಿಳಿಯುತ್ತದೆ.

ನಿನ್ನೆ ನಿದ್ದೆ ಬಂದು ಒಂದೇ ಪುಟಕ್ಕೆ ನಿಲ್ಲಿಸಿದೆ. "ಇವತ್ತು ಇಷ್ಟೇ ಏನು?" ಅಂದಳು.