ಚಕ್ಕುಲಿ ಡಬ್ಬಿಗೂ ಲಂಚದ ಪಟ್ಟವೇ?

ವೃದ್ಧಾಶ್ರಮದ ಆಯಾಗಳಿಗೆ, ಅಡುಗೆಯವರಿಗೆ, ನರ್ಸುಗಳಿಗೆ ಹಬ್ಬಹುಣ್ಣಿಮೆಗೆ ತಿಂಡಿ ಕೊಡುವುದನ್ನು ನಿಲ್ಲಿಸಬೇಕೆಂದು ಕುಟುಂಬದವರ ಸಭೆಯಲ್ಲಿ ಕೆಲವರು ಪಟ್ಟು ಹಿಡಿದರು. ಅವರ ಆಕ್ಷೇಪಗಳಲ್ಲಿ ಒಂದೆರಡಕ್ಕೆ ಹುರುಳಿದೆ. ಉಳಿದವನ್ನು ಹಾಗೇ ಬಿಟ್ಟರೆ ನಾಳೆ ಅವೇ ನಿಯಮವಾಗಿ ಗೋಡೆಗೆ ಅಂಟುತ್ತವೆ.

ಮೊದಲು, ಇದು ಲಂಚವಂತೆ. ಡಬ್ಬಿ ಕೊಟ್ಟವರ ತಾಯಿಗೆ ಬಿಸಿನೀರು ಮೊದಲು, ಕೊಡದವರ ತಂದೆಗೆ ಆಮೇಲೆ ಎಂಬ ಭಯ. ಭಯ ಸುಳ್ಳಲ್ಲ. ಆದರೆ ಅದಕ್ಕೆ ಕಾರಣ, ಒಬ್ಬ ಆಯಾಳನ್ನು ಮೂಲೆಗೆ ಕರೆದು ಮುಷ್ಟಿಯಲ್ಲಿ ತುರುಕುವ ಐನೂರರ ನೋಟು. ಅದನ್ನು ನಿಷೇಧಿಸಿ, ನಾನೇ ಮೊದಲು ಕೈ ಎತ್ತುತ್ತೇನೆ. ಇಡೀ ಪಾಳಿಗೆಂದು ಎಲ್ಲರೆದುರು ಇಟ್ಟ ಚಕ್ಕುಲಿ ಡಬ್ಬಿಯಿಂದ ಯಾರನ್ನು ಕೊಂಡುಕೊಳ್ಳಲಾದೀತು? ಹಂಚಿದರೆ ತಲೆಗೆ ಎರಡು ಬಂದರೆ ಹೆಚ್ಚು.

‘ಸಂಬಳ ಕೊಡುತ್ತೇವಲ್ಲ’ ಎಂದರು ಇನ್ನೊಬ್ಬರು. ತಮ್ಮ ಕಚೇರಿಯ ದೀಪಾವಳಿ ಸ್ವೀಟ್ ಬಾಕ್ಸನ್ನು ಅವರು ಇದೇ ಕಾರಣಕ್ಕೆ ವಾಪಸು ಕಳಿಸಿರಲಾರರು. ಬೆಡ್‌ಸೋರ್ ಆಗದಂತೆ ರಾತ್ರಿಯೆಲ್ಲ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುವುದಕ್ಕೆ ಸಂಬಳವಿದೆ. ನಿದ್ದೆಗೆಟ್ಟು ಬೈಯುವ ಮುದುಕರಿಗೆ ‘ಆಯ್ತು ತಾತ, ಮುಗೀತು’ ಎಂದು ನಗುವುದಕ್ಕೆ ಇಲ್ಲ.

‘ತಿಂಡಿ ಕೊಟ್ಟು ಕೈತೊಳೆದುಕೊಳ್ಳಬೇಡಿ, ಸಂಬಳ ಏರಿಸಿ’ ಎಂಬುದು ತೂಕದ ಮಾತು. 1965ರ ಬೋನಸ್ ಕಾಯ್ದೆ, ಮುಂದೆ ಆದ ತಿದ್ದುಪಡಿಯಂತೆ, ಕನಿಷ್ಠ ಶೇ 8.33ರಷ್ಟು ಬೋನಸ್ ಎಂದು ಗೊತ್ತುಮಾಡಿತು. ಲಾಭಕ್ಕಲ್ಲದೆ ನಡೆಯುವ ಆಸ್ಪತ್ರೆ, ಸಮಾಜಸೇವಾ ಸಂಸ್ಥೆಗಳನ್ನು ಮಾತ್ರ ಅದರಿಂದ ಹೊರಗಿಟ್ಟಿತು. ಎಷ್ಟೋ ಆಶ್ರಮಗಳು ಟ್ರಸ್ಟಿನವೇ ತಾನೆ? ಸಂಬಳ ಏರಿಕೆಯನ್ನು ಕೇಳಲೇಬೇಕು, ಕೇಳೋಣ. ಆದರೆ ಹೀಗೆಂದವರಲ್ಲೇ ಇಬ್ಬರು, ತಿಂಗಳ ಶುಲ್ಕ ಏರುವ ಸುದ್ದಿ ಬಂದಾಗ ಎದ್ದು ನಿಂತು ಕೂಗಾಡಿದ್ದರು. ಸಂಬಳವೂ ಏರಬಾರದು, ಕೋಡುಬಳೆಯೂ ಸಿಗಬಾರದು ಎಂದರೆ ಆಯಾ ಏನು ಮಾಡಬೇಕು?

ಇಷ್ಟೆಲ್ಲ ವಾದದಲ್ಲಿ ಕೊಡುವವರು ನಾವೇ, ಅಂದರೆ ಮಕ್ಕಳು, ಸೊಸೆಯಂದಿರು ಎಂದೇ ಎಲ್ಲರ ಲೆಕ್ಕ. ಒಳಗಿರುವವರನ್ನು ಯಾರೂ ಕೇಳಲಿಲ್ಲ. ಸಂಕ್ರಾಂತಿಗೆ ಮೊದಲು ಒಬ್ಬ ಅಜ್ಜಿ ಹಾಸಿಗೆಯ ಮೇಲೆ ಪೇಪರ್ ಹರಡಿಕೊಂಡು, ನಡುಗುವ ಕೈಯಲ್ಲಿ ಕೊಬ್ಬರಿ ಹೆಚ್ಚುತ್ತಿದ್ದರು. ಎಳ್ಳು, ಹುರಿಗಡಲೆ, ಬೆಲ್ಲ ಮಗ ತಂದುಕೊಟ್ಟದ್ದು. ಚೂರುಗಳು ಒಂದರಂತೆ ಒಂದಿಲ್ಲ. ನೆಲ ಒರೆಸುವವಳನ್ನೂ ಬಿಡದೆ ಹೆಸರು ಹಿಡಿದು ಕರೆದು ಪೊಟ್ಟಣ ಕೊಟ್ಟರು, ‘ಮನೇಲಿ ಎಷ್ಟು ಮಕ್ಕಳೇ ನಿಂಗೆ?’ ಎಂದು ಕೇಳಿ ಇನ್ನೊಂದು ಸೇರಿಸಿದರು. ಆಯಸ್ಸೆಲ್ಲ ಬಡಿಸಿದವರಿಗೆ ಈಗ ದಿನವಿಡೀ ಇಸಿದುಕೊಳ್ಳುವುದೇ: ಮಾತ್ರೆ, ಗಂಜಿ, ಡಯಾಪರು. ನಿಮ್ಮ ನಿಯಮ ಬಂದರೆ ಆ ಪೊಟ್ಟಣವೂ ಅಪರಾಧ. ಇದಕ್ಕೆ ಆಕ್ಷೇಪದವರ ಬಳಿ ಉತ್ತರವಿದ್ದರೆ ನಾನು ಕೇಳಲು ತಯಾರು.

ಆರೋಗ್ಯದ ಆಕ್ಷೇಪವನ್ನು ಒಪ್ಪುತ್ತೇನೆ. ಸಕ್ಕರೆ ಕಾಯಿಲೆಯವರು ಕದ್ದು ತಿಂದಾರು. ಲಕ್ವ ಹೊಡೆದು ನುಂಗಲು ಕಷ್ಟವಾದವರ ಗಂಟಲಿಗೆ ಕಡಲೆಬೀಜ ಸಿಕ್ಕಿಕೊಂಡೀತು. ಹಾಗಾಗಿ ಹೊರಗಿಂದ ಬಂದ ಡಬ್ಬಿ ಸಿಬ್ಬಂದಿಯ ಊಟದ ಕೋಣೆ ದಾಟದಿರಲಿ, ಅಜ್ಜಿಯ ಪೊಟ್ಟಣ ನರ್ಸಿನ ಕಣ್ಣೆದುರೇ ಹಂಚಿಕೆಯಾಗಲಿ. ಹಾಲಿನ ಸಿಹಿ ಬೇಡ, ಕಾಯಿ ಹೋಳಿಗೆಯೂ ಬೇಡ, ಬೇಗ ಕೆಡುತ್ತವೆ; ಶೇಂಗಾ ಹೋಳಿಗೆಯಾದರೆ ದಿನಗಟ್ಟಲೆ ಇರುತ್ತದೆ. ಆಫೀಸಿನ ಮೇಜಿನ ಮೇಲಂತೂ ಇಡಬೇಡಿ, ಸಂಜೆಯೊಳಗೆ ಅಲ್ಲೇ ಖಾಲಿ. ಡಬ್ಬಿಯ ಮೇಲೆ ‘ರಾತ್ರಿ ಪಾಳಿಗೆ’ ಎಂದು ದಪ್ಪಕ್ಷರದಲ್ಲಿ ಬರೆದೇ ಕೊಡಿ.