ಗುಂಡ ಇಲಿ ಕೇಕ್ ತಿಂದ ರಾತ್ರಿ

ವಾಷಿಂಗ್ ಮಷೀನ್ ಹಿಂದೆ ಇಲಿಗೆ ಅಂತ ನೀಲಿ ಕೇಕ್ ಇಟ್ಟಿದ್ದು ನಾನೇ. ಆ ಸಂದಿಗೆ ಗುಂಡ ತೂರೋಲ್ಲ ಅಂದ್ಕೊಂಡಿದ್ದೆ. ಹೋದ ತಿಂಗಳು ಒಂದು ಸಂಜೆ ಆಫೀಸಿಂದ ಬಂದು ನೋಡಿದ್ರೆ ಹಾಲ್ ತುಂಬಾ ಹರಿದ ಕವರ್, ನಡುವೆ ಬಾಲ ಅಲ್ಲಾಡಿಸ್ತಾ ಗುಂಡ. ಬಾಯಿ ಸುತ್ತ ನೀಲಿ.

ಅಮ್ಮ ತರಕಾರಿಗೆ ಹೋಗಿ ಬಂದಿದ್ದು ಮುಕ್ಕಾಲು ಗಂಟೆ, ಅಷ್ಟರಲ್ಲೇ ಆಗಿದ್ದು. ಉಪ್ಪುನೀರು ಕುಡಿಸಿ ವಾಂತಿ ಮಾಡಿಸೋಣ ಅಂದ್ರು ಅಮ್ಮ. ಎದುರುಮನೆ ಆಂಟಿ ಹಾಲು ಅಂದ್ರು. ನಾನು, "ಆರಾಮಾಗೇ ಇದಾನಲ್ಲ, ಬೆಳಿಗ್ಗೆ ನೋಡೋಣ" ಅಂದೆ. ಮೂರೂ ತಪ್ಪು, ನನ್ನದೇ ಎಲ್ಲಕ್ಕಿಂತ ದೊಡ್ಡದು.

ಫೋನಿನಲ್ಲಿ ಡಾಕ್ಟರು ಕೇಳಿದ ಮೊದಲ ಪ್ರಶ್ನೆ, "ಕವರ್ ಮೇಲೆ ಏನಿದೆ ಓದಿ." ಬ್ರೋಮಾಡಿಯೋಲೋನ್. "ಏನೂ ಕುಡಿಸಬೇಡಿ. ಕವರ್ ಸಮೇತ ಈಗ್ಲೇ ಬನ್ನಿ."

ಈ ವಿಷ ರಕ್ತ ಹೆಪ್ಪುಗಟ್ಟೋದಕ್ಕೆ ಬೇಕಾದ ವಿಟಮಿನ್ ಕೆ ಕೆಲಸವನ್ನ ನಿಲ್ಲಿಸುತ್ತೆ. ದೇಹದಲ್ಲಿ ಮೊದಲೇ ಇರೋ ದಾಸ್ತಾನು ಮುಗಿಯೋವರೆಗೆ ನಾಯಿ ಚೆನ್ನಾಗೇ ಇರುತ್ತೆ. ಮೂರರಿಂದ ಐದು ದಿನ ಕಳೆದ ಮೇಲೆ ಸುಸ್ತು, ಬಿಳಿಚಿದ ವಸಡು, ಒಳಗೊಳಗೇ ರಕ್ತಸ್ರಾವ. ಬೆಳಿಗ್ಗೆಯೂ ಗುಂಡ ಆರಾಮಾಗೇ ಇರ್ತಿದ್ದ. ನಾನು ಇನ್ನೊಂದು ದಿನ ಕಾಯ್ತಿದ್ದೆ.

ಉಪ್ಪುನೀರು ಜಾಸ್ತಿಯಾದರೆ ಸೋಡಿಯಂ ಏರಿ ಅದೇ ಪ್ರಾಣಕ್ಕೆ ಕುತ್ತು. ಕವರ್ ಯಾಕೆ ಬೇಕು ಅಂದ್ರೆ ಎಲ್ಲ ಇಲಿಪಾಷಾಣವೂ ಒಂದೇ ಅಲ್ಲ. ಜಿಂಕ್ ಫಾಸ್ಫೈಡ್ ಆಗಿದ್ರೆ ಹೊಟ್ಟೆಯ ಆಮ್ಲ ತಾಗಿ ವಿಷಾನಿಲ ಹುಟ್ಟುತ್ತೆ. ಆಗ ಕಾರಲ್ಲಿ ನಾಯಿ ವಾಂತಿ ಮಾಡಿದ್ರೆ ಕಿಟಕಿ ತೆಗೆದಿರಬೇಕು, ನಮಗೂ ಅಪಾಯ.

ತಿಂದು ಎರಡು ಗಂಟೆ ದಾಟಿರಲಿಲ್ಲವಾದ್ದರಿಂದ ಇಂಜೆಕ್ಷನ್ ಕೊಟ್ಟು ವಾಂತಿ ಮಾಡಿಸಿದ್ರು. ಬಂತು ನೋಡಿ, ನೀಲಿ ಚೂರುಗಳ ಜೊತೆ ಅಮ್ಮನ ಒಂದು ಹೇರ್‌ಬ್ಯಾಂಡು. ಆಮೇಲೆ ವಿಟಮಿನ್ ಕೆ1 ಮಾತ್ರೆ, ನಾಲ್ಕು ವಾರ, ಕೊಬ್ಬಿರೋ ಊಟದ ಜೊತೆ. ತುಪ್ಪದನ್ನ ಅಂದ್ರೆ ಗುಂಡನಿಗೆ ಹಬ್ಬ. "ಅಂಗಡಿಯವರು ಕೆ3 ಕೊಟ್ಟರೆ ತಗೋಬೇಡಿ, ಇದಕ್ಕೆ ಅದು ಕೆಲಸ ಮಾಡಲ್ಲ" ಅಂತ ಡಾಕ್ಟರು ಚೀಟಿ ಮೇಲೆ ಗೆರೆ ಎಳೆದು ಕೊಟ್ಟಿದ್ರು.

ಮಾತ್ರೆ ನಿಲ್ಲಿಸಿ 48 ಗಂಟೆಗೆ ರಕ್ತ ಹೆಪ್ಪುಗಟ್ಟೋ ಪರೀಕ್ಷೆ. ನಿನ್ನೆ ರಿಪೋರ್ಟ್ ಬಂತು, ನಾರ್ಮಲ್. ಅಮ್ಮ ಅಡುಗೆಮನೆಗೆ ಹೋಗಿ ಕಣ್ಣೊರೆಸ್ಕೊಂಡು ಬಂದ್ರು.

ಇಲಿ ಇನ್ನೂ ಇದೆ. ಈಗ ಬೋನು ತಂದಿದೀನಿ. ಅದರೊಳಗಿನ ಕೊಬ್ಬರಿ ಚೂರನ್ನೇ ನೋಡ್ತಾ ಗುಂಡ ಕೂತಿದಾನೆ.