ಬ್ಯಾಚ್ ನಂಬರಿಗೂ ಡಂಗುರ ಬೇಕು

ಮಳೆಗಾಲದಲ್ಲಿ ಹಿಡಕಲ್ ಜಲಾಶಯದ ಮಟ್ಟ 2175 ಅಡಿಯ ಹತ್ತಿರ ಬಂತೆಂದರೆ ಗೋಕಾಕ, ಮೂಡಲಗಿ ತಾಲ್ಲೂಕುಗಳ ನದಿದಂಡೆಯ ಊರುಗಳಲ್ಲಿ ಯಾರಿಗೂ ಕಣ್ಣು ತುಂಬ ನಿದ್ದೆ ಇರುವುದಿಲ್ಲ. ಗೇಟು ಎತ್ತುವ ಮೊದಲೇ ಸುದ್ದಿ ಕೆಳಗಿಳಿಯುತ್ತದೆ. ಪಂಚಾಯಿತಿಯವರು ಡಂಗುರ ಹೊಡೆಸುತ್ತಾರೆ, ಪೊಲೀಸ್ ಜೀಪಿನ ಮೈಕು ಕೂಗುತ್ತದೆ, ವಾಟ್ಸಾಪಿನಲ್ಲಿ ಕ್ಯೂಸೆಕ್ ಲೆಕ್ಕ ಓಡಾಡುತ್ತದೆ. ಜನ ದನ ಬಿಚ್ಚುತ್ತಾರೆ, ಹೊಳೆಗೆ ಇಳಿಸಿದ ಮೋಟಾರು ಎತ್ತಿ ಮೇಲಿಡುತ್ತಾರೆ. ಕೆಲವೊಮ್ಮೆ ಅಷ್ಟು ನೀರು ಬರುವುದೇ ಇಲ್ಲ. ಆಗಲೂ ಡಂಗುರ ಹೊಡೆದವನನ್ನು ಯಾರೂ ಬಯ್ಯುವುದಿಲ್ಲ. 2019ರ ಆಗಸ್ಟಿನಲ್ಲಿ ಲೋಳಸೂರ ಸೇತುವೆ ಮುಳುಗಿ, ಘಟಪ್ರಭೆ ಗೋಕಾಕದ ಓಣಿಗಳೊಳಗೆ ಹೊಕ್ಕದ್ದನ್ನು ಕಂಡವರು ನಾವು. ಮುಂಚೆ ಹೇಳುವುದರ ಬೆಲೆ ನಮಗೆ ಗೊತ್ತು.

ಔಷಧಿಗೆ ಇಂಥ ಡಂಗುರ ಇಲ್ಲ. ಒಂದು ಬ್ಯಾಚು ಪರೀಕ್ಷೆಯಲ್ಲಿ ಫೇಲಾದ ಸುದ್ದಿ ಪ್ರಯೋಗಾಲಯದಿಂದ ಹೊರಟು, ಕಚೇರಿಗಳ ಮೆಟ್ಟಿಲು ಹತ್ತಿಳಿದು, ಯಾದವಾಡದ ಕಡೆಯ ಒಂದು ಸಣ್ಣ ಮೆಡಿಕಲ್ ಶಾಪಿಗೆ ಮುಟ್ಟುವ ಹೊತ್ತಿಗೆ ಆ ಬ್ಯಾಚಿನ ಡಬ್ಬಿಗಳು ಖಾಲಿಯಾಗಿರಬಹುದು. ಇಪ್ಪತ್ತು ವರ್ಷ ಆಸ್ಪತ್ರೆಯ ಔಷಧಿ ಕೋಣೆಯಲ್ಲಿ ಕೂತವನಾಗಿ ಹೇಳುತ್ತಿದ್ದೇನೆ: ಗೋಕಾಕ, ಮೂಡಲಗಿ, ಹುಕ್ಕೇರಿ, ನಮ್ಮ ಈ ಮೂರು ತಾಲ್ಲೂಕುಗಳಲ್ಲಿ ದೊಡ್ಡ ಅನಾಹುತ ಇನ್ನೂ ಆಗಿಲ್ಲ, ಆದರೆ ಆಗುವುದಕ್ಕೆ ಬೇಕಾದದ್ದೆಲ್ಲ ಇಲ್ಲಿ ಇದೆ. ಇದನ್ನು ಈಗ ಬರೆಯಲು ಅದೇ ಕಾರಣ.

ಬಳ್ಳಾರಿಯನ್ನು ನೆನಪು ಮಾಡಿಕೊಳ್ಳಿ. 2024ರ ನವೆಂಬರ್ 9ರಿಂದ 11ರವರೆಗೆ ಅಲ್ಲಿನ ಜಿಲ್ಲಾಸ್ಪತ್ರೆಯಲ್ಲಿ 34 ಸಿಸೇರಿಯನ್ ಹೆರಿಗೆಗಳಾದವು. ಏಳು ಬಾಣಂತಿಯರಿಗೆ ಮೂತ್ರಪಿಂಡದ ತೊಂದರೆ ಶುರುವಾಗಿ ಬೇರೆ ಅಂಗಗಳಿಗೂ ಹಬ್ಬಿತು. ಒಬ್ಬರ ಹಿಂದೊಬ್ಬರು, ಐವರು ತೀರಿಕೊಂಡರು. ಸಂಶಯ ಹೋದದ್ದು ಅವರಿಗೆ ಏರಿಸಿದ ರಿಂಗರ್ ಲ್ಯಾಕ್ಟೇಟ್ ದ್ರಾವಣದ ಮೇಲೆ. ಪಶ್ಚಿಮ್ ಬಂಗಾ ಫಾರ್ಮಾಸ್ಯೂಟಿಕಲ್ಸ್ ಕಂಪನಿ ತಯಾರಿಸಿದ್ದು, ರಾಜ್ಯದ ವೈದ್ಯಕೀಯ ಸರಬರಾಜು ನಿಗಮದ ಮೂಲಕ ಬಂದದ್ದು. ರಾಜ್ಯದ ಔಷಧ ನಿಯಂತ್ರಕರು ಅಮಾನತಾದರು. ಎರಡು ತಿಂಗಳೊಳಗೆ, 2025ರ ಜನವರಿಯಲ್ಲಿ, ಪಶ್ಚಿಮ ಬಂಗಾಳದ ಮಿದ್ನಾಪುರದಲ್ಲಿ ಒಬ್ಬ ಬಾಣಂತಿ ಸತ್ತಾಗಲೂ ಅದೇ ಕಂಪನಿಯ ಅದೇ ದ್ರಾವಣದ ಮಾತು ಬಂತು.

ನನ್ನನ್ನು ಇವತ್ತಿಗೂ ಕಾಡುವುದು ಬಳ್ಳಾರಿಗಿಂತ ಹಿಂದಿನ ತಿಂಗಳುಗಳು. ಸರ್ಕಾರವೇ ಆಮೇಲೆ ತಿಳಿಸಿದ ಪ್ರಕಾರ, ಆ ದ್ರಾವಣದ ಬಗ್ಗೆ ಮುಂಚೆಯೇ ಅನುಮಾನ ಎದ್ದಿತ್ತು. ಪೂರೈಕೆಯಾಗಿದ್ದ 192 ಬ್ಯಾಚುಗಳಲ್ಲಿ 22 ರಾಜ್ಯದ ಪ್ರಯೋಗಾಲಯದಲ್ಲಿ ಫೇಲಾಗಿದ್ದವು. ಬಳಕೆ ನಿಲ್ಲಿಸಿದ್ದೂ ಆಗಿತ್ತು. ಆಮೇಲೆ ಕೇಂದ್ರ ಪ್ರಯೋಗಾಲಯದಿಂದ ಬೇರೆ ಥರದ ವರದಿ ಬಂತು, ಫೇಲಾದವನ್ನು ಬಿಟ್ಟು ಉಳಿದ ಬ್ಯಾಚುಗಳು ಮತ್ತೆ ವಾರ್ಡಿಗೆ ಇಳಿದವು. ಡಂಗುರ ಒಮ್ಮೆ ಮೊಳಗಿತ್ತು. ಯಾರೋ ಅದನ್ನು ನಿಲ್ಲಿಸಿದರು. ಒಂದೇ ಕಾರ್ಖಾನೆಯ ನೂರಾ ತೊಂಬತ್ತೆರಡರಲ್ಲಿ ಇಪ್ಪತ್ತೆರಡು ಕೆಟ್ಟಿವೆ ಎಂದರೆ ಕೆಟ್ಟಿರುವುದು ಕಾರ್ಖಾನೆ ಎಂದು ತಿಳಿಯಲು ಪದವಿ ಬೇಕಿಲ್ಲ. ಒಂದೇ ಗಾಣದ ಎಣ್ಣೆಯಲ್ಲಿ ಹತ್ತರಲ್ಲಿ ಒಂದು ಡಬ್ಬಿ ಕಮಟು ಬಂದರೆ ನಮ್ಮ ಮನೆಯ ಹೆಣ್ಣುಮಕ್ಕಳು ಉಳಿದ ಒಂಬತ್ತನ್ನು ಒಲೆಯ ಹತ್ತಿರ ತರುವುದಿಲ್ಲ.

ದೂರದವರ ತಪ್ಪು ಹೇಳಿ ನನ್ನದನ್ನು ಮುಚ್ಚಿಡಲಾರೆ. ಹಲವು ವರ್ಷಗಳ ಹಿಂದೆ, ನಾನು ಕೆಲಸಕ್ಕಿದ್ದ ಒಂದು ಆಸ್ಪತ್ರೆಯಲ್ಲಿ, ವಾರ್ಡಿನ ಸಿಸ್ಟರ್ ಕಿಟಕಿಗೆ ಬಂದು, "ಸರ್, ಇವತ್ತ ಸಲಾಯಿನ್ ಹಚ್ಚಿದವ್ರೆಲ್ಲ ಥಂಡಿ ಹತ್ತಿ ನಡಗಾಕತ್ತಾರ ನೋಡ್ರಿ" ಅಂದರು. ಮೂರು ಜನ. ನಾನು ಜ್ವರದ ಸೀಸನ್ ಇದೆ ಅಂದುಕೊಂಡೆ. ಅವಿಲ್ ಎಂಬ ಅಲರ್ಜಿಯ ಮದ್ದು ಕೊಟ್ಟು ಕಳಿಸಿದೆ. ಉಳಿದ ಬಾಟಲಿಗಳನ್ನು ನಾನೇ ಎಣಿಸಿ ರಾತ್ರಿಯ ವಾರ್ಡಿಗೆ ಕೊಟ್ಟೆ. ಮರುದಿನ ನಾಲ್ಕನೆಯವರಿಗೆ ನಡುಕ ಬಂದಾಗ ಎದ್ದು ಹೋಗಿ ನೋಡಿದೆ. ನಾಲ್ವರದೂ ಒಂದೇ ಬ್ಯಾಚು. ಖಾಲಿ ಬಾಟಲಿಗಳು ಅಷ್ಟೊತ್ತಿಗೆ ಕಸಕ್ಕೆ ಹೋಗಿದ್ದವು, ಪರೀಕ್ಷೆಗೆ ಕಳಿಸಲು ಏನೂ ಉಳಿದಿರಲಿಲ್ಲ. ಯಾರೂ ಸಾಯಲಿಲ್ಲ. ಆ ರಾತ್ರಿ ಮಾತ್ರ ನನ್ನ ಲೆಕ್ಕದಲ್ಲಿ ಹಾಗೇ ಇದೆ.

ಅಂದಿನಿಂದ ಪ್ರತಿ ಡಬ್ಬ ಒಡೆದಾಗ ಒಂದಿಷ್ಟು ಬಾಟಲಿಗಳನ್ನು ಕಿಟಕಿಯ ಬೆಳಕಿಗೆ ಹಿಡಿಯುತ್ತೇನೆ. ಮೊದಲು ಹಿಂದೆ ಬಿಳಿ ಹಾಳೆ ಇಟ್ಟು, ಆಮೇಲೆ ಕರಿ ಹಾಳೆ ಇಟ್ಟು. ಬಾಟಲಿಯನ್ನು ಮೆಲ್ಲಗೆ ತಲೆಕೆಳಗು ಮಾಡಬೇಕು. ಅಲುಗಾಡಿಸಿದರೆ ಗುಳ್ಳೆ ಎದ್ದು ಕಣ್ಣು ಮೋಸ ಹೋಗುತ್ತದೆ. ಬಿಳಿ ಎಳೆಗಳು ಕರಿ ಹಾಳೆಯ ಮುಂದೆ ಕಾಣುತ್ತವೆ, ಕಪ್ಪು ಚುಕ್ಕೆಗಳು ಬಿಳಿಯ ಮುಂದೆ. ಆಮೇಲೆ ಅಂಗೈಯಲ್ಲಿ ಒತ್ತಿ ನೋಡುತ್ತೇನೆ. ಕುತ್ತಿಗೆಯ ಹತ್ತಿರ ಹನಿ ಮೂಡಿದರೆ ಅದು ಸೋರುವ ಬಾಟಲಿ. ಇಷ್ಟಾದರೂ ಒಂದು ಮಾತು. ಬ್ಯಾಕ್ಟೀರಿಯಾ ಬಿಟ್ಟುಹೋದ ಎಂಡೋಟಾಕ್ಸಿನ್ ಎಂಬ ವಿಷ ಯಾವ ಹಾಳೆಯ ಮುಂದೆಯೂ ಕಾಣುವುದಿಲ್ಲ. ಕುದಿಸಿದರೂ ಪೂರ್ತಿ ಹೋಗುವುದಿಲ್ಲ. ಅದು ಮೊದಲು ಕಾಣಿಸಿಕೊಳ್ಳುವುದು ರೋಗಿಯ ನಡುಕದಲ್ಲಿ. ಆದ್ದರಿಂದಲೇ ಸಿಸ್ಟರ್ ಕಿಟಕಿಗೆ ಬಂದು ಹೇಳುವ ಆ ಒಂದು ವಾಕ್ಯ ಪ್ರಯೋಗಾಲಯದ ವರದಿಗಿಂತ ಮುಂಚಿನ ವರದಿ.

ಇನ್ನು ಫ್ರಿಜ್ಜಿನ ಮಾತು. ನಮ್ಮದೇ ಬೆಳಗಾವಿ ಜಿಲ್ಲೆಯ ರಾಮದುರ್ಗ ತಾಲ್ಲೂಕು, ಸಾಲಹಳ್ಳಿ ಪ್ರಾಥಮಿಕ ಆರೋಗ್ಯ ಕೇಂದ್ರದ ವ್ಯಾಪ್ತಿ. 2022ರ ಜನವರಿಯಲ್ಲಿ ದಡಾರ-ರುಬೆಲ್ಲಾ ಲಸಿಕೆ ಹಾಕಿಸಿಕೊಂಡ ಮೂರು ಕೂಸುಗಳು ತೀರಿಕೊಂಡವು. ಲಸಿಕೆಯನ್ನು ಒಂದು ಹೋಟೆಲಿನ ಫ್ರಿಜ್ಜಿನಲ್ಲಿ ಇಡಲಾಗಿತ್ತು ಎಂಬುದು ಮೊದಲ ವಿಚಾರಣೆಯಲ್ಲೇ ಹೊರಬಿತ್ತು. ದಾದಿ ಮತ್ತು ಫಾರ್ಮಾಸಿಸ್ಟ್ ಅಮಾನತಾದರು. ಈ ಲಸಿಕೆ ಪುಡಿಯ ರೂಪದಲ್ಲಿ ಬರುತ್ತದೆ, ಅದರದೇ ದ್ರವದಲ್ಲಿ ಕರಗಿಸಬೇಕು. ಕರಗಿಸಿದ ಮೇಲೆ ನಾಲ್ಕು ಗಂಟೆ, ಅಷ್ಟೇ ಅದರ ಆಯುಷ್ಯ. ಕೆಡದಂತೆ ಕಾಯುವ ಮದ್ದು ಅದರಲ್ಲಿ ಇಲ್ಲದ್ದರಿಂದ ಉಳಿದದ್ದರಲ್ಲಿ ರೋಗಾಣು ಬೆಳೆದು ವಿಷ ಬಿಡಬಹುದು. ಶೀಶೆಯ ಮೇಲೆ ಕರಗಿಸಿದ ಹೊತ್ತು ಬರೆಯಿರಿ ಎಂಬ ನಿಯಮ ಇರುವುದು ಇದಕ್ಕೇ. ಲಸಿಕೆಯ ಮೇಲೆ ಸಿಟ್ಟಾಗಬೇಡಿ. ದಡಾರ ಎಷ್ಟು ಮಕ್ಕಳನ್ನು ನುಂಗುತ್ತಿತ್ತು ಎಂಬುದು ನಮ್ಮ ಅಜ್ಜಿಯರಿಗೆ ಗೊತ್ತಿತ್ತು. ನಾವು ಕೇಳಬೇಕಾದ ಪ್ರಶ್ನೆ ಬೇರೆ. ದೂರದ ಹಳ್ಳಿಗೆ ಹೋದ ದಾದಿ ಸಂಜೆ ಉಳಿದ ಲಸಿಕೆಯನ್ನು ಹೊತ್ತು ಹಿಂದಿರುಗಲು ಬಸ್ಸು ಇದೆಯೇ, ಮಂಜುಗಡ್ಡೆಯ ಪೆಟ್ಟಿಗೆ ಗಟ್ಟಿ ಇದೆಯೇ, ಮರಳಿ ಬಂದ ಶೀಶೆಗಳನ್ನು ಎಣಿಸಿ ತೆಗೆದುಕೊಳ್ಳುವವರು ಕೇಂದ್ರದಲ್ಲಿ ಕೂತಿದ್ದಾರೆಯೇ?

ಫ್ರಿಜ್ಜಿಗೆ ಒಂದು ಪುಸ್ತಕ ಇರುತ್ತದೆ. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಉಷ್ಣಾಂಶ ಬರೆಯಬೇಕು. 2ರಿಂದ 8 ಡಿಗ್ರಿಯ ಒಳಗೆ ಇರಬೇಕು. ನಾನು ಕಂಡ ಒಂದು ಪುಸ್ತಕದಲ್ಲಿ ತಿಂಗಳಿಡೀ 4, 4, 4, 4 ಎಂದೇ ಇತ್ತು. ಒಂದೇ ಪೆನ್ನು, ಒಂದೇ ಓರೆ, ಅಕ್ಷರದ ಮೇಲೆ ಎಲ್ಲೂ ಬೆವರಿನ ಗುರುತಿಲ್ಲ. ಅದು ಏಪ್ರಿಲ್ ತಿಂಗಳು, ಗೋಕಾಕದ ಬಿಸಿಲು. ಕರೆಂಟು ಎಷ್ಟು ಸಲ ಹೋಗಿತ್ತೋ ದೇವರಿಗೇ ಗೊತ್ತು. ಬರೆದವನು ಕಳ್ಳನಲ್ಲ. ಅವನೊಬ್ಬನೇ ಔಷಧಿ ಕೊಡಬೇಕು, ಇಂಡೆಂಟ್ ಹಾಕಬೇಕು, ಕಂಪ್ಯೂಟರಿಗೆ ಸ್ಟಾಕು ಏರಿಸಬೇಕು, ಸಭೆಗೆ ಓಡಬೇಕು. ಆದರೆ ಅದೇ ಫ್ರಿಜ್ಜಿನಲ್ಲಿ ಹೆರಿಗೆಯಾದ ತಾಯಿಯ ರಕ್ತ ನಿಲ್ಲಿಸುವ ಆಕ್ಸಿಟೋಸಿನ್ ಇರುತ್ತದೆ. ತಂಪು ತಪ್ಪಿದರೆ ಅದು ಮೆಲ್ಲಗೆ ಸತ್ವ ಕಳೆದುಕೊಳ್ಳುತ್ತದೆ, ಬಣ್ಣ ಬದಲಾಗುವುದಿಲ್ಲ. ಸೂಜಿ ಹಾಕಿದರೂ ರಕ್ತ ನಿಲ್ಲಲಿಲ್ಲ ಎಂದಷ್ಟೇ ಕೇಸ್ ಪೇಪರಿನಲ್ಲಿ ಬರುತ್ತದೆ, ಫ್ರಿಜ್ಜಿನ ಹೆಸರು ಬರುವುದಿಲ್ಲ. ಕರೆಂಟಿನ ಮಾತಿಗೆ ಬಂದರೆ, ಹುಕ್ಕೇರಿಯವರಿಗೆ 1969ರಿಂದ ತಮ್ಮದೇ ಗ್ರಾಮೀಣ ವಿದ್ಯುತ್ ಸಹಕಾರ ಸಂಘ ಇದೆ. ಲೈನ್ ತೆಗೆಯುವ ಮೊದಲು ಲಸಿಕೆ ಇಟ್ಟ ಪ್ರತಿ ಕೇಂದ್ರಕ್ಕೂ ಒಂದು ಫೋನು ಮಾಡುವ ಪದ್ಧತಿಯನ್ನು ಅವರು ಶುರು ಮಾಡಿದರೆ ಉಳಿದವರು ನೋಡಿ ಕಲಿಯುತ್ತಾರೆ.

ನಮ್ಮದು ಗಡಿನಾಡು, ಅದರ ಅಪಾಯವೂ ಬೇರೆ. ಸಂಕೇಶ್ವರದವರಿಗೆ ಗಡಹಿಂಗ್ಲಜ ಹತ್ತಿರ. ದೊಡ್ಡ ರೋಗ ಬಂದರೆ ಮಿರಜ, ಕೊಲ್ಹಾಪುರ. ಒಬ್ಬ ಮುದುಕಿ ಸೆರಗಿನ ಗಂಟು ಬಿಚ್ಚಿದಂತೆ ಪ್ಲಾಸ್ಟಿಕ್ ಚೀಲ ಬಿಚ್ಚಿ ನನ್ನ ಮುಂದೆ ಸುರುವಿದಳು. "ಇವು ಮಿರಜದ ಗುಳಿಗಿ, ಇವು ಸರಕಾರಿ ಗುಳಿಗಿ. ಎರಡೂ ತಪ್ಪದ ತಗೋತೇನ್ ತಮ್ಮಾ, ಆದರೂ ಎದ್ದ್ ನಿಂತ್ರ ಕಣ್ಣಿಗೆ ಕತ್ತಲಿ ಬರತೈತಿ." ನೋಡಿದರೆ ಎರಡೂ ರಕ್ತದೊತ್ತಡದ ಅಮ್ಲೋಡಿಪಿನ್, ಹೆಸರು ಮಾತ್ರ ಬೇರೆ. "ಯವ್ವಾ, ಎರಡೂ ಒಂದ ಗುಳಿಗಿ ಅದಾವ" ಎಂದರೆ ಅವಳಿಗೆ ನಂಬಿಕೆಯೇ ಬರಲಿಲ್ಲ. ಒಂದರ ಬಣ್ಣ ಬಿಳಿ, ಇನ್ನೊಂದು ಹಳದಿ. ಬಿದ್ದು ತೊಡೆಯ ಎಲುಬು ಮುರಿಯುವ ಮೊದಲು ಅವಳು ಕಿಟಕಿಗೆ ಬಂದದ್ದು ಅವಳ ಪುಣ್ಯ. ಗಡಿಯಾಚೆಯ ಚೀಟಿ ತಂದವರ ಚೀಲವನ್ನು ಒಮ್ಮೆಯಾದರೂ ಸುರುವಿಸಿ ನೋಡಲು ಫಾರ್ಮಾಸಿಸ್ಟನಿಗೆ ಐದು ನಿಮಿಷ ಬೇಕು. ನೂರಾರು ಜನರ ಸಾಲಿನ ಮುಂದೆ ಆ ಐದು ನಿಮಿಷ ಎಲ್ಲಿಂದ ಬರಬೇಕು? ಖಾಲಿ ಹುದ್ದೆಗಳನ್ನು ತುಂಬಿ ಎಂದು ಕೇಳುವುದು ನೌಕರರ ಸ್ವಾರ್ಥದ ಕೂಗಲ್ಲ, ಆ ಮುದುಕಿಯ ಪರವಾದ ಬೇಡಿಕೆ.

ಕಬ್ಬಿನ ಹಂಗಾಮಿನಲ್ಲಿ ನನಗೆ ಇನ್ನೊಂದು ಭಯ. ಕಬ್ಬು ಕಡಿಯುವ ಗ್ಯಾಂಗಿನವರ ಗುಡಿಸಲುಗಳಲ್ಲಿ ಚಳಿಗೆ ಮಕ್ಕಳು ಕೆಮ್ಮುತ್ತವೆ. ತಾಯಂದಿರು ಹತ್ತಿರದ ಅಂಗಡಿಯಲ್ಲಿ ಕೇಳಿ ಸಿರಪ್ ತರುತ್ತಾರೆ. 2025ರ ಸೆಪ್ಟೆಂಬರ್, ಅಕ್ಟೋಬರಿನಲ್ಲಿ ಮಧ್ಯಪ್ರದೇಶದ ಛಿಂದ್ವಾಡಾ ಕಡೆ ಇಪ್ಪತ್ತಕ್ಕೂ ಹೆಚ್ಚು ಮಕ್ಕಳು ಕೋಲ್ಡ್ರಿಫ್ ಎಂಬ ಕೆಮ್ಮಿನ ಸಿರಪ್ ಕುಡಿದು ಮೂತ್ರಪಿಂಡ ನಿಂತು ಸತ್ತರು. ಅದರಲ್ಲಿದ್ದ ಡೈಎಥಿಲೀನ್ ಗ್ಲೈಕಾಲ್ ಶೇಕಡಾ 48.6, ಇರಬಹುದಾದ ಮಿತಿ ಶೇಕಡಾ 0.1. 1986ರಲ್ಲಿ ಮುಂಬಯಿಯ ಜೆ.ಜೆ. ಆಸ್ಪತ್ರೆಯಲ್ಲಿ ಗ್ಲಿಸರಿನ್ ಕುಡಿದು 14 ಜನ ಸತ್ತಾಗ ಅದರಲ್ಲಿ ಇದ್ದದ್ದೂ ಇದೇ ವಿಷ. ಆದರೆ ಕಲಿಯಬೇಕಾದದ್ದೂ ಇದರಲ್ಲಿ ಇದೆ. ಕೋಲ್ಡ್ರಿಫ್ ತಯಾರಾಗುತ್ತಿದ್ದ ತಮಿಳುನಾಡಿನ ಅಧಿಕಾರಿಗಳು ಸುದ್ದಿ ಬಂದೊಡನೆ, ಆಯುಧಪೂಜೆಯ ರಜೆಯ ನಡುವೆಯೇ, ಕಾರ್ಖಾನೆಗೆ ಹೋಗಿ ಮಾದರಿ ತಂದು ಒಂದೆರಡು ದಿನದಲ್ಲಿ ಫಲಿತಾಂಶ ಕೊಟ್ಟರು. ಆಗುತ್ತದೆ, ಮನಸ್ಸು ಮಾಡಿದರೆ. ನಮಗೂ ಹುಬ್ಬಳ್ಳಿಯಲ್ಲಿ ಸರ್ಕಾರಿ ಔಷಧ ಪರೀಕ್ಷಾ ಪ್ರಯೋಗಾಲಯ ಇದೆ. ಹಿಡಕಲ್‌ನಿಂದ ಬೆಳಿಗ್ಗೆ ಹೊರಟ ಮಾದರಿ ಊಟದ ಹೊತ್ತಿಗೆ ಅಲ್ಲಿರುತ್ತದೆ.

ಜಿಲ್ಲಾಡಳಿತದಿಂದ ನಾನು ಕೇಳುವುದು ಮುಖ್ಯವಾಗಿ ಒಂದೇ. ಸಂಶಯ ಬಂದ ಬ್ಯಾಚನ್ನು ತಡೆಹಿಡಿಯುವ ಅಧಿಕಾರ ಔಷಧಿ ಕೋಣೆಯಲ್ಲಿ ಕೂತವರಿಗೆ ಲಿಖಿತವಾಗಿ ಕೊಡಿ. ವರದಿ ಬರಲಿ, ಆಮೇಲೆ ನೋಡೋಣ ಎನ್ನುವ ಮಾತು ನಿಲ್ಲಬೇಕು. ಈಗ ಒಬ್ಬ ಫಾರ್ಮಾಸಿಸ್ಟ್ ಎರಡು ಡಬ್ಬ ತಡೆಹಿಡಿದು, ಆಮೇಲೆ ಅವು ಸರಿ ಇವೆ ಎಂದು ಬಂದರೆ, ಅವನಿಗೆ ಸಿಗುವುದು ನೋಟಿಸು. ಡಂಗುರದವನನ್ನು ಬಯ್ಯದ ನಾವು ಇವನನ್ನು ಯಾಕೆ ಬಯ್ಯಬೇಕು? ತಡೆಹಿಡಿದ ಬ್ಯಾಚಿನ ನಂಬರು ಅದೇ ದಿನ ಮೂರೂ ತಾಲ್ಲೂಕುಗಳ ಸರ್ಕಾರಿ, ಖಾಸಗಿ ಆಸ್ಪತ್ರೆಗಳಿಗೆ, ಮೆಡಿಕಲ್ ಶಾಪುಗಳಿಗೆ ಕನ್ನಡದಲ್ಲಿ ಹೋಗಬೇಕು. ಗಡಿಯಾಚೆಯ ಅಧಿಕಾರಿಗಳಿಗೂ ಹೋಗಬೇಕು. ಕ್ಯೂಸೆಕ್ ಲೆಕ್ಕ ಗಂಟೆಯೊಳಗೆ ಮನೆಮನೆಗೆ ಮುಟ್ಟುವ ಊರಿನಲ್ಲಿ ಒಂದು ಬ್ಯಾಚ್ ನಂಬರು ಮುಟ್ಟದೇ ಇರಲು ಕಾರಣ ಇಲ್ಲ.

ಓದುವವರಿಗೂ ಒಂದು ಮಾತು. ನಿಮ್ಮ ಮನೆಯವರಿಗೆ ಸಲಾಯಿನ್ ಹಚ್ಚಿದ ಅರ್ಧ ಗಂಟೆಯಲ್ಲಿ ಮೈ ನಡುಗಿದರೆ ತಕ್ಷಣ ಸಿಸ್ಟರನ್ನು ಕೂಗಿ. ಅವರು ನಿಲ್ಲಿಸಿದ ಮೇಲೆ ಆ ಬಾಟಲಿಯನ್ನು ಕಸದ ಬುಟ್ಟಿಗೆ ಹಾಕಲು ಬಿಡಬೇಡಿ. ಒಳಗೆ ನಾಲ್ಕು ಹನಿ ಉಳಿದಿದ್ದರೂ ಸರಿ, ನಳಿಗೆಯ ಸಮೇತ ತೆಗೆದಿಡಲು ಹೇಳಿ. ಪಕ್ಕದ ಮಂಚದವರಿಗೂ ಹಾಗಾಗಿದೆಯೇ ಕೇಳಿ. ಬಾಟಲಿಯ ಮೇಲೆ ಇಂಗ್ಲಿಷಿನಲ್ಲಿ B. No. ಅಥವಾ Batch No. ಎಂದು ಬರೆದದ್ದರ ಮುಂದೆ ಒಂದು ಸಂಖ್ಯೆ ಇರುತ್ತದೆ. ಮೊಬೈಲಿನಲ್ಲಿ ಫೋಟೊ ತೆಗೆದುಕೊಳ್ಳಿ. ಔಷಧಿಯಿಂದಾದ ತೊಂದರೆಯನ್ನು ಯಾರು ಬೇಕಾದರೂ ತಿಳಿಸಲು ಭಾರತೀಯ ಔಷಧ ಸಂಹಿತಾ ಆಯೋಗದ ಉಚಿತ ಸಹಾಯವಾಣಿ ಇದೆ: 1800-180-3024. ಆಮೇಲೆ ಆ ಫೋಟೊ ಹಿಡಿದು ನಮ್ಮ ಕಿಟಕಿಗೆ ಬನ್ನಿ. ಅದೇ ನಂಬರಿನ ಡಬ್ಬಗಳು ಒಳಗೆ ಎಷ್ಟಿವೆ ಎಂದು ನಾವು ಅಲ್ಲೇ ಎದ್ದು ಎಣಿಸಬೇಕು.